ಬಿಗಿದು ಕಟ್ಟಿದ ತಂತಿ

ಅಣ್ಣ ಅಂಗಡಿಗಳಿಗೆ ಬೋರ್ಡು ಕಟ್ಟುವವನು. ತಂಗಿ ಕಾಲೇಜಿನಲ್ಲಿ ಫಿಸಿಕ್ಸ್ ಮೇಡಂ. ಅವಳನ್ನು ಓದಿಸಿದ್ದು ಅವನೇ. ಆ ಭಾನುವಾರ ಮಧ್ಯಾಹ್ನ ಅವಳು ಊಟದ ಮೇಜಿನ ತುಂಬ ಉತ್ತರಪತ್ರಿಕೆ ಹರಡಿಕೊಂಡಿದ್ದಾಗ ಬಂದ.

"ಪುಟ್ಟಿ, ಔಷಧಿ ಅಂಗಡಿಯವರ ಬೋರ್ಡು. ಎರಡು ಕಂಬದ ಮಧ್ಯೆ ತಂತಿ ಕಟ್ಟಿ ನೇತುಹಾಕಬೇಕು. ಬೋರ್ಡು ಇಪ್ಪತ್ತು ಕೆ.ಜಿ., ತಂತಿ ಅರವತ್ತು ತಡಿಯುತ್ತೆ. ಸಾಕಲ್ವಾ?"

"ಧಾರಾಳ ಆಯ್ತು," ಎಂದಳು, ತಲೆ ಎತ್ತದೆ.

"ತಂತಿ ಜೋತು ಬೀಳಬಾರದಂತೆ. ಚೆನ್ನಾಗಿ ಎಳೆದು ಕಟ್ಟು ಅಂತಾರೆ ಮಾಲೀಕರು."

"ಹೂಂ, ಕಟ್ಟು."

ಅವಳ ಕೆಂಪು ಪೆನ್ನು ಓಡುತ್ತಿದ್ದದ್ದೂ ಅಂಥದೇ ಲೆಕ್ಕದ ಮೇಲೆ. ಹಗ್ಗದ ಕೋನ ನೋಡದೆ ತೂಕವನ್ನು ಅರ್ಧ ಮಾಡಿದವರಿಗೆಲ್ಲ ಸೊನ್ನೆ ಸುತ್ತುತ್ತಿದ್ದಳು.

ಬುಧವಾರ, ಏಣಿಯ ಮೇಲೆ ನಿಂತು ಕೊನೆಯ ಸುತ್ತು ಬಿಗಿಯುವಾಗ ತಂತಿ ಪಟ್ಟನೆ ಹರಿಯಿತು. ಬೋರ್ಡು, ಏಣಿ, ಅಣ್ಣ ಒಟ್ಟಿಗೆ ಕೆಳಗೆ ಬಂದರು. ಅವನ ಭುಜದ ಮೂಳೆ ಚೂರಾಯಿತು.

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅವಳು ಔಷಧಿ ಚೀಟಿಯ ಹಿಂದೆ ಚಿತ್ರ ಬರೆದಳು. ತಂತಿ ನೆಟ್ಟಗಾದಷ್ಟೂ ಎಳೆತ ಹೆಚ್ಚು. ತಂತಿ ಬರೀ ಐದು ಡಿಗ್ರಿ ಜೋತಿದ್ದರೆ ಒಂದೊಂದು ಕಡೆ ನೂರ ಹದಿನೈದು ಕೆ.ಜಿ. ತೂಕದಷ್ಟು! ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುವ ಪಾಠ. ಚೀಟಿ ಮಡಚಿ ಪರ್ಸಿಗೆ ತುರುಕಿದಳು.

ಎದ್ದು ಅಣ್ಣನ ಮಂಚದ ಬಳಿ ಹೋಗುವಷ್ಟರಲ್ಲಿ ಔಷಧಿ ಅಂಗಡಿ ಮಾಲೀಕರು ಬಂದರು. "ಏನಪ್ಪಾ, 'ನನ್ನ ತಂಗಿ ಲೆಕ್ಕ ಹಾಕಿದಾಳೆ, ಭಯ ಬೇಡ' ಅಂದಿದ್ದೆಯಲ್ಲ?"

"ಅವಳ ಲೆಕ್ಕ ಸರಿಯಾಗೇ ಇತ್ತು ಸಾರ್. ತಂತಿ ಕೊಟ್ಟೋನು ಮೋಸ ಮಾಡ್ದ," ಎಂದ ಅಣ್ಣ.

ಪಕ್ಕದಲ್ಲೇ ನಿಂತಿದ್ದ ತಂಗಿ ಪರ್ಸಿನ ಜಿಪ್ಪು ಎಳೆದು ಮುಚ್ಚಿದಳು.

ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಎರಡು ವರ್ಷ ಕಳೆಯಿತು. ಅಣ್ಣನ ಬಲಗೈ ಭುಜದಿಂದ ಮೇಲೆ ಏಳಲೇ ಇಲ್ಲ. ಈಗ ಅವನು ಕೂತಲ್ಲೇ ಬೋರ್ಡಿಗೆ ಅಕ್ಷರ ಬರೆಯುತ್ತಾನೆ, ಕಟ್ಟುವವರು ಬೇರೆ. ಒಂದು ಬೆಳಿಗ್ಗೆ ಅವಳು ಹೋದಾಗ ಅತ್ತಿಗೆ ಅವನಿಗೆ ಅಂಗಿ ತೊಡಿಸುತ್ತಿದ್ದಳು. ನೋಡಿ ತಡೆಯಲಾಗದೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟಳು.

ಅಣ್ಣ ಅತ್ತಿಗೆಯ ಕೈ ತಡೆದು ತಂಗಿಯತ್ತ ತಿರುಗಿದ.

"ಆವತ್ತೇ ಹೇಳಿದ್ರೆ ನಾಲ್ಕು ಬೈದು ಸುಮ್ಮನಾಗ್ತಿದ್ದೆ ಕಣೇ. ತಂತಿ ಕೊಟ್ಟ ಹಾರ್ಡ್‌ವೇರ್ ಅಂಗಡಿಯವನು ನನ್ನ ಚಡ್ಡಿ ದೋಸ್ತು. ನಡುರಸ್ತೆಯಲ್ಲಿ ನಿಲ್ಲಿಸಿ ಕಳ್ಳ ಅಂದೆ. ಅವನು ಅತ್ತುಬಿಟ್ಟ."

"ನಾನೇ ಹೋಗಿ ತಪ್ಪಾಯ್ತು ಅಂತೀನಿ ಅಣ್ಣ."

"ಎಲ್ಲಿಗೆ ಹೋಗ್ತೀಯ? ಅಂಗಡಿ ಎತ್ತಿ ವರ್ಷ ಆಯ್ತು. ಎಲ್ಲಿದಾನೋ, ಯಾರಿಗೆ ಗೊತ್ತು."

ಅತ್ತಿಗೆ ಅಂಗಿಯ ಉಳಿದ ಗುಂಡಿಗಳನ್ನು ಹಾಕಿ ಮುಗಿಸಿದಳು.