ಹಾಸನದಿಂದ ತರಿಸಿದ ಕಾಯಿಲ್

ಪ್ರತಾಪನಿಗೆ ಕಾಫಿ ಎಸ್ಟೇಟನ್ನು ಅಪ್ಪ ಕೊಟ್ಟಿದ್ದ. ಬುದ್ಧಿಯನ್ನು ಯಾರೂ ಕೊಟ್ಟಿರಲಿಲ್ಲ. ಆಲೂರಿನ ಹಳೇ ಅಕ್ಕಿ ಗಿರಣಿಯಲ್ಲಿ ಅವನು ನೀರು ಕಾಯಿಸುವ ಹೀಟರ್ ಕಾಯಿಲ್ ಮಾಡಿಸುತ್ತಿದ್ದ. ಒಂದೊಂದಕ್ಕೂ ಸಾವಿರದೈನೂರು ವೋಲ್ಟ್ ಹಾಯಿಸಿ, ಒಳಗಿನ ಕರೆಂಟು ಹೊರಗಿನ ಕೊಳವೆಗೆ ಜಿಗಿಯುತ್ತದೋ ನೋಡಿ ಮುದ್ರೆ ಒತ್ತುವುದು ಗಂಗಾಮಣಿಯ ಕೆಲಸ. ಜಿಗಿದರೆ ಟೆಸ್ಟಿಂಗ್ ಯಂತ್ರ ಕಿರುಚುತ್ತಿತ್ತು. ರಾಕ್ಷಸ ಒಳಗೆ ಬರಲು ಸಾಸಿವೆಯಷ್ಟು ಸಂದು ಸಾಕು ಎಂದು ಅಜ್ಜಿ ಕತೆ ಹೇಳುತ್ತಿದ್ದದ್ದು ಅವಳಿಗೆ ದಿನಕ್ಕೆ ನೂರು ಸಲ ನೆನಪಾಗುತ್ತಿತ್ತು.

ಎರಡು ಸಾವಿರದ ಒಂದರ ಆಷಾಢ. ಕೊಳವೆಯ ಬಾಯಿಗೆ ಮೆತ್ತುವ ಅಂಟನ್ನು ದಂಡದ ಖರ್ಚೆಂದು ಪ್ರತಾಪ ನಿಲ್ಲಿಸಿಬಿಟ್ಟಿದ್ದ. ಕೊಳವೆಯೊಳಗೆ ತಂತಿಯ ಸುತ್ತ ತುಂಬಿದ ಪುಡಿ ಮಳೆಯ ಥಂಡಿ ಹೀರಿತು. ಸೋಮವಾರ ಅರವತ್ತಕ್ಕೆ ಅರವತ್ತೂ ಕಿರುಚಿದವು.

"ಕೆಂಡದ ಮೇಲೆ ಒಣಗ್ಸಿ ಮತ್ತೆ ನೋಡು. ಕಾಫೀನ ಯಾರಾದ್ರೂ ಹಸೀದೇ ಮಾರ್ತಾರೇನೇ?" ಎಂದ.

ಒಣಗಿಸಿದರೆ ಎಲ್ಲವೂ ಗಪ್‌ಚಿಪ್. ಪ್ರತಾಪ ಮೀಸೆ ತಿರುವಿದ. ಮರುದಿನ ಬೆಳಿಗ್ಗೆ ಅವನೆದುರೇ ಗಂಗಾಮಣಿ ಮತ್ತೆ ಪರೀಕ್ಷಿಸಿದಳು. ರಾತ್ರಿಯ ಥಂಡಿ ಮತ್ತೆ ಹೀರಿ ಅಷ್ಟೂ ಕಿರುಚಿದವು.

"ಕಾಫಿ ಒಣಗಿದ್ಮೇಲೆ ಮೂಟೆಗೆ ಹೋಗ್ತದೆ ಸಾರ್. ಇವು ಬಕೇಟಿಗೆ ಹೋಗ್ತವೆ."

"ನಿನ್ನೆ ಪಾಸಾಗೈತಲ್ಲ, ನಿನ್ನೆ ತಾರೀಕು ಹಾಕಿ ಒತ್ತು. ಎಸ್ಟೇಟ್ ಲೈನಿಗೆ ಹೋಗೋ ಮಾಲು ಕಣೇ, ಅರಮನೆಗಲ್ಲ. ಒತ್ತದಿದ್ರೆ ನಾಳೆಯಿಂದ ಬರ್ಬ್ಯಾಡ."

ದೋಣಿಗಲ್ಲಿನ ಎಸ್ಟೇಟ್ ಲೈನಿನಲ್ಲಿ, ಕೂಲಿಗಳ ಸಾಲುಮನೆಗಳ ನಡುವೆ, ಅವಳ ಚಿಕ್ಕಮ್ಮನ ಮನೆಯಿತ್ತು, ಆರು ಮಕ್ಕಳಿದ್ದವು. ಇವನಿಗೆ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ.

ಅಷ್ಟರಲ್ಲಿ ಫೋನು ಬಂತು. ಅವನ ತಾಯಿ ರಾಜಲಕ್ಷ್ಮಮ್ಮ. ಮನೆಯ ಕಾಯಿಲ್ ಸುಟ್ಟಿದೆ, ನಿನ್ನ ಕಾರ್ಖಾನೆಯದೊಂದು ಕಳಿಸು ಎನ್ನುತ್ತಿದ್ದರು.

"ಇಲ್ಲೀದು ಬ್ಯಾಡಮ್ಮ," ಪ್ರತಾಪನ ದನಿ ಇಳಿಯಿತು. "ಹಾಸನದಿಂದ ಒಳ್ಳೇದು ತರಿಸ್ತೀನಿ."

ಜೀಪಿನ ಡ್ರೈವರ್ ಬೋರಯ್ಯನನ್ನು ಹಾಸನಕ್ಕೆ ಅಟ್ಟಿ, ತಾನು ಊಟಕ್ಕೆ ಹೊರಟ. ಬೋರಯ್ಯ ಕೀಲಿ ತೆಗೆದುಕೊಳ್ಳುತ್ತ, "ತಾನು ಸುಟ್ಟ ರೊಟ್ಟಿ ತನ್ನ ತಾಯಿಗೇ ಬ್ಯಾಡ್ವಂತೆ, ಕೇಳಿದ್ಯೇನವ್ವ?" ಎಂದು ಕಣ್ಣು ಮಿಟುಕಿಸಿದ.

ಗಂಗಾಮಣಿ ಪಾಸಿನ ಹಸಿರು ಮುದ್ರೆ ಪಕ್ಕಕ್ಕಿಟ್ಟು ಕೆಂಪಿನದನ್ನು ತೆಗೆದುಕೊಂಡಳು. ಸೋಪಿಗೂ ಬಗ್ಗದ ಶಾಯಿ. ಪ್ರತಾಪ ತೇಗುತ್ತ ಬರುವಷ್ಟರಲ್ಲಿ ಅರವತ್ತೂ ಹಿಡಿಕೆಗಳ ಮೇಲೆ 'ಫೇಲ್' ಎಂದಿತ್ತು.

"ಏಯ್, ಏನ್ ಮಾಡ್ಬುಟ್ಟೆ!"

ಅವಳು ಕೆಂಪು ಮುದ್ರೆ ಕೆಳಗಿಟ್ಟಳು. ಬೋರಯ್ಯ ಆಗತಾನೆ ತಂದಿಟ್ಟ ಹಾಸನದ ಕಾಯಿಲನ್ನು ಯಂತ್ರಕ್ಕೆ ಸಿಕ್ಕಿಸಿದಳು. ಪೂರಾ ಒಂದು ನಿಮಿಷ. ಯಂತ್ರ ಪಿಟ್ಟೆನ್ನಲಿಲ್ಲ. ಅದರ ಹಿಡಿಕೆಗೆ ಹಸಿರು ಮುದ್ರೆ ಒತ್ತಿ, ಮುದ್ರೆಯನ್ನೂ ಕಾಯಿಲನ್ನೂ ಅವನ ಎಂಜಲು ಕೈಗೇ ಇಟ್ಟಳು.

"ಇದೊಂದು ಪಾಸು ಸಾರ್. ಅಮ್ಮಾವ್ರು ಧೈರ್ಯವಾಗಿ ಸ್ನಾನ ಮಾಡ್ಲಿ."

ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.