ಅಂಗಳದ ನಡುವೆ ಒಂದು ಬಳ್ಳಿ

ಟಕ್.

ತಗಡಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಮದುವೆಮನೆಯಲ್ಲಿ ನೆಂಟರೆಲ್ಲ ಸಿಕ್ಕಸಿಕ್ಕಲ್ಲಿ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದ ಸರಿರಾತ್ರಿಯಲ್ಲಿ ಅದು ಸೊಸೆಗೆ ಮಾತ್ರ ಕೇಳಿಸಿತು. ಅವಳಿಗೆ ನಿದ್ದೆಯಾದರೂ ಎಲ್ಲಿತ್ತು? ಬೆಳಗಾದರೆ ನಾದಿನಿಯ ಮದುವೆ. ಬಾಗಿಲ ಮುಂದಿನ ರಂಗೋಲಿ ಈ ಸಲ ಅವಳ ಪಾಲಿಗೆ ಬಂದಿತ್ತು.

ಸುಲಭಕ್ಕೆ ಬಂದದ್ದಲ್ಲ. ಆ ಅಂಗಳದಲ್ಲಿ ಅತ್ತೆಯದಲ್ಲದೆ ಬೇರೆ ಕೈ ರಂಗೋಲಿ ಪುಡಿ ಮುಟ್ಟಿದ್ದೇ ಇಲ್ಲ. ಬಚ್ಚಲಲ್ಲಿ ಜಾರಿಬಿದ್ದ ಅತ್ತೆ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಸಂಜೆಯೇ ಮಾವ ಅಂಗಡಿಯಿಂದ ಪ್ಲಾಸ್ಟಿಕ್ ರಂಗೋಲಿಯ ದೊಡ್ಡ ಸುರುಳಿಯೊಂದನ್ನು ತಂದಿದ್ದರು.

"ಅಂಟಿಸಿದ್ರೆ ಮುಗೀತು. ಅಳಿಸೋದೂ ಇಲ್ಲ, ತಪ್ಪೋದೂ ಇಲ್ಲ. ಒದ್ದೆ ಬಟ್ಟೇಲಿ ಒರೆಸಬಹುದು ಬೇರೆ."

"ನನ್ನ ಮಗಳು ಪ್ಲಾಸ್ಟಿಕ್ ತುಳ್ಕೊಂಡು ಗಂಡನ ಮನೆಗೆ ಹೋಗ್ಬೇಕಾ?"

"ಮತ್ತೆ ಯಾರು ಹಾಕ್ತಾರೆ?"

"ನಾನು" ಎಂಬ ಮಾತು ಸೊಸೆಯ ಬಾಯಿಂದ ಹೇಗೆ ಜಾರಿತೋ ಅವಳಿಗೇ ತಿಳಿಯಲಿಲ್ಲ. ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸರಿ. ಆದ್ರೆ ಒಂದು ಚುಕ್ಕಿನೂ ಗೆರೆಗೆ ಸಿಗದೆ ಉಳೀಬಾರ್ದು. ಉಳೀತೋ, ನಿಮ್ಮ ಮಾವನ ಪ್ಲಾಸ್ಟಿಕ್ಕೇ ಗತಿ."

ಅಂದಿನಿಂದ ಅವಳು ಒಲೆಯ ಮುಂದೆ ನಿಂತಾಗಲೂ ಗಾಳಿಯಲ್ಲಿ ಎಸಳು ಎಳೆಯುತ್ತಿದ್ದಳು. ಈ ರಾತ್ರಿ ಹೊಸ್ತಿಲಿನಿಂದ ಅಂಗಳದ ಅರ್ಧದವರೆಗೆ ಚುಕ್ಕಿ ಇಟ್ಟಾಗಿತ್ತು. ಗೇಟಿನ ಕಡೆಯ ನೆಲ ತೊಳೆದದ್ದು ಇನ್ನೂ ಆರಿರಲಿಲ್ಲವೆಂದು ಸ್ವಲ್ಪ ಹೊತ್ತು ಬೆನ್ನು ಚಾಚಲು ಒಳಗೆ ಬಂದಿದ್ದಳು, ಅಷ್ಟೇ.

ಈಗ ಎದ್ದು, ಯಾರ ಕೈಕಾಲನ್ನೂ ತುಳಿಯದೆ ಹೊರಗೆ ಬಂದಳು. ಬೀದಿದೀಪದ ಬೆಳಕಲ್ಲಿ, ಗೇಟಿನ ಹತ್ತಿರ, ಪ್ಲಾಸ್ಟರಿನ ಕೈಯನ್ನು ಮಗುವಿನ ಹಾಗೆ ಎದೆಗಾನಿಸಿಕೊಂಡು ಅತ್ತೆ ಕುಕ್ಕರುಗಾಲಲ್ಲಿ ಕೂತಿದ್ದರು. ಎಡಗೈಯಿಂದ ಚುಕ್ಕಿ ಬೀಳುತ್ತಿತ್ತು. ಒಂದೊಂದೂ ತುಸು ದಪ್ಪ. ಆದರೆ ಸಾಲು ದಾರ ಹಿಡಿದಂತೆ.

"ಅತ್ತೆ!"

"ಶ್! ಊರನ್ನೆಲ್ಲ ಎಬ್ಬಿಸ್ಬೇಡ."

"ಡಾಕ್ಟ್ರು ಕೈ ಆಡಿಸ್ಬೇಡಿ ಅಂದಿಲ್ವಾ?"

"ಅವರು ಅಂದಿದ್ದು ಬಲಗೈ ವಿಷ್ಯ. ಎಡಗೈ ಮಾತೇ ಎತ್ಲಿಲ್ಲ." ಅತ್ತೆ ತಲೆಯೆತ್ತಲಿಲ್ಲ. "ನೆಲ ಆರಿದೆ. ನೀನು ಬಾಗಿಲ ಕಡೆಯಿಂದ ಹೂ ಬರೀತಾ ಬಾ. ನಾನು ಇಲ್ಲಿಂದ ಬರ್ತೀನಿ. ನಡುವೆ ಸೇರೋಣ. ಯಾರು ಮೊದ್ಲು ಬರ್ತಾರೋ ನೋಡ್ತೀನಿ."

ಪಂದ್ಯ! ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪುಡಿ ಬೆರಳ ಸಂದಿಯಿಂದ ನೂಲಿನಂತೆ ಇಳಿಯಿತು. ಒಂದು ಹೂ, ಅದರ ಪಕ್ಕ ಮತ್ತೊಂದು. ಹಿಂದಿರುಗಿ ನೋಡಿದರೆ ಅತ್ತೆಯದೂ ಅಷ್ಟೇ ಆಗಿರುತ್ತಿತ್ತು. "ಎಡಗೈ ಅಂತ ಸಸಾರ ಮಾಡ್ಬೇಡ" ಎಂದು ಪಿಸುಗುಟ್ಟುತ್ತಿದ್ದರು. ಸೊಸೆಗೆ ನಗು ಉಕ್ಕಿ ಗೆರೆ ಸೊಟ್ಟಗಾಗುವುದರಲ್ಲಿತ್ತು. ಹೀಗೆ ಖುಷಿಯಾಗಿ ಅವಳು ಈ ಮನೆಯಲ್ಲಿ ಯಾವತ್ತೂ ಮೊಣಕಾಲೂರಿರಲಿಲ್ಲ.

ನಡುವೆ ಇಬ್ಬರ ಕೈಗಳೂ ಒಟ್ಟಿಗೇ ನಿಂತವು.

ಅವಳ ಹೂವಿಗೆ ನಾಲ್ಕೆಸಳು. ಅತ್ತೆಯ ಹೂವಿಗೆ ಆರು.

"ನೀನು ನೇರ ಚುಕ್ಕಿ ಇಟ್ಟಿದ್ದೀಯಾ?" ಅತ್ತೆ ಅವಳ ಸಾಲಿನ ಮೇಲೆ ಬಗ್ಗಿದರು.

ಅವಳು ತವರಿನ ರೂಢಿಯಂತೆ ಒಂದರ ಕೆಳಗೆ ಒಂದು ಬರುವ ಹಾಗೆ ಇಟ್ಟಿದ್ದಳು. ಅತ್ತೆ ತಮ್ಮ ರೂಢಿಯಂತೆ ಮೇಲಿನೆರಡು ಚುಕ್ಕಿಗಳ ನಡುವಿನ ಸಂದಿಗೆ ಬರುವ ಹಾಗೆ ಇಟ್ಟಿದ್ದರು. ಮಂದ ಬೆಳಕಲ್ಲಿ ಇಬ್ಬರೂ ಇನ್ನೊಬ್ಬರ ಸಾಲು ನೋಡುವ ಗೋಜಿಗೆ ಹೋಗಿರಲಿಲ್ಲ. ಈಗ ಎರಡು ತೋಟಗಳ ನಡುವೆ ಯಾವ ಹೂವಿಗೂ ಸೇರದ ಚುಕ್ಕಿಗಳ ಪಟ್ಟಿಯೊಂದು ಉಳಿದಿತ್ತು.

"ಮದುವೆ ರಂಗೋಲಿಗೆ ಯಾರಾದ್ರೂ ನೇರ ಚುಕ್ಕಿ ಇಡ್ತಾರೇನೇ?"

"ನೀವು ಕೇಳ್ಲಿಲ್ಲ."

"ನೀನು ಹೇಳ್ಲಿಲ್ಲ!"

ಒಳಗೆ ಮಾವ ಕೆಮ್ಮಿದರು. ಇಬ್ಬರೂ ಉಸಿರು ಬಿಗಿಹಿಡಿದರು. ಮಾವ ಎದ್ದರೆ ಸುರುಳಿ ಹೊತ್ತುಕೊಂಡೇ ಹೊರಗೆ ಬರುವವರು. ಅಳಿಸೋಣವೆಂದರೆ ಯಾರ ಅರ್ಧ ಅಳಿಸುವುದು? ಆಕಾಶದ ಅಂಚು ಆಗಲೇ ಬೆಳ್ಳಗಾಗುತ್ತಿತ್ತು. ಅಡುಗೆಯವರ ವ್ಯಾನು ಇನ್ನೇನು ಬರುವುದರಲ್ಲಿತ್ತು.

ಸೊಸೆ ಆ ಪಟ್ಟಿಯನ್ನೇ ದಿಟ್ಟಿಸಿದಳು. ಚುಕ್ಕಿಗಳು ಆ ಬದಿಗೊಂದು ಈ ಬದಿಗೊಂದು ಚದುರಿದ್ದವು. ಬಳ್ಳಿಗೆ ಎಲೆ ಇರುವುದೂ ಹಾಗೇ ಅಲ್ಲವೇ?

"ಅತ್ತೆ, ಹಸಿರು ಕೊಡಿ."

"ಏನ್ಮಾಡ್ತೀಯ?"

"ಕೊಡಿ ಅಂದ್ನಲ್ಲ!"

ಅತ್ತೆಯೊಂದಿಗೆ ಆ ದನಿಯಲ್ಲಿ ಅವಳು ಮಾತಾಡಿದ್ದು ಅದೇ ಮೊದಲು. ಅವರು ತೆಪ್ಪಗೆ ಬಟ್ಟಲು ಚಾಚಿದರು. ಅವಳು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಕೈ ತಡೆಯದೆ ಬಳುಕುವ ಗೆರೆ ಎಳೆದಳು. ಆ ಕಡೆಯ ಚುಕ್ಕಿ ಎಲೆಯಾಯಿತು, ಈ ಕಡೆಯದು ಮೊಗ್ಗಾಯಿತು. ಅತ್ತೆ ಮಂಡಿಯ ಮೇಲೆ ತೆವಳುತ್ತಾ ಹಿಂದೆಯೇ ಬಂದು, "ಇದು ಬಿಟ್ಟೆ, ಅಗೋ ಅದು" ಎನ್ನುತ್ತಾ ತಾವೂ ಹಸಿರು ತುಂಬಿದರು.

ಕೊನೆಗೆ ಒಂದೇ ಒಂದು ಚುಕ್ಕಿ ಉಳಿಯಿತು. ಎಲೆಗೂ ದೂರ, ಮೊಗ್ಗಿಗೂ ದೂರ. ಸೊಸೆಯ ಕೈ ಕೆಳಗಿಳಿಯಿತು.

ಅತ್ತೆ ಎಡಗೈಯಿಂದ ಚಿಟಿಕೆ ಹಳದಿ ತೆಗೆದು ಅದಕ್ಕೆ ಎರಡು ರೆಕ್ಕೆ ಹಚ್ಚಿದರು. ಜೇನುಹುಳ! ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬೆಳಗ್ಗೆ ಬೀಗಿತ್ತಿ ಕಾರಿನಿಂದ ಇಳಿದವರೇ ಗೇಟಿನಲ್ಲಿ ನಿಂತುಬಿಟ್ಟರು. "ಅಯ್ಯಯ್ಯೋ, ಇದನ್ನ ತುಳಿಯೋದು ಹೇಗ್ರೀ! ಎರಡು ಥರದ ಹೂವು, ನಡುವೆ ಬಳ್ಳಿ. ಹೀಗೆ ನಾನೆಲ್ಲೂ ನೋಡಿಲ್ಲ."

"ಎರಡು ಮನೆ ಸೇರ್ತಿದೆ ನೋಡಿ, ಅದಕ್ಕೆ" ಎಂದರು ಅತ್ತೆ, ಕಣ್ಣು ಮಿಟುಕಿಸದೆ. "ನಮ್ಮಲ್ಲಿ ಮದುವೆಗೆ ಹೀಗೇ ಹಾಕೋದು."

"ನಮ್ಮಮ್ಮನ ಕಾಲದಿಂದ್ಲೂ" ಎಂದು ಮಾವ ಗಂಭೀರವಾಗಿ ತಲೆಯಾಡಿಸಿದರು. ಅವರ ಸುರುಳಿ ಚಪ್ಪಲಿ ಗೂಡಿನ ಹಿಂದೆ ಬಿಚ್ಚದೆ ನಿಂತಿತ್ತು.

"ಹಾಕಿದ್ದು ಯಾರು?"

"ನನ್ನ ಸೊಸೆ. ಒಬ್ಬಳೇ."

ಸೊಸೆ ಬಾಯಿ ತೆರೆದಳು. ಅತ್ತೆ ಬೇರೆಲ್ಲೋ ನೋಡುತ್ತಿದ್ದರು. ಅಷ್ಟರಲ್ಲಿ ಮದುಮಗಳು, ಮುಡಿಯ ಹೂವಿನ ಭಾರಕ್ಕೆ ಕತ್ತು ನೆಟ್ಟಗಿಟ್ಟುಕೊಂಡೇ, ಅವಳ ಕಿವಿಯ ಹತ್ತಿರ ಬಂದಳು. "ಅತ್ತಿಗೆ, ಅಮ್ಮನ ಪ್ಲಾಸ್ಟರ್ ತುದೀಲಿ ಹಸಿರು ಪುಡಿ ಹೇಗೆ ಬಂತು?"

ಇವಳಿಗೆ ಹೇಳಿದರೆ ಮಾವನಿಗೆ ಗೊತ್ತಾಗುತ್ತದೆ. ಮಾವನಿಗೆ ಗೊತ್ತಾದರೆ ಡಾಕ್ಟರಿಗೆ, ನೆಂಟರಿಗೆ, ಊರಿಗೆ. ಮುಂದಿನ ಸಲ ಅತ್ತೆಯ ಕೈಗೆ ಯಾರೂ ರಂಗೋಲಿ ಡಬ್ಬಿ ಕೊಡುವುದಿಲ್ಲ. ನಾದಿನಿಗಾಗಲಿ, ಗಂಡನಿಗಾಗಲಿ, ತವರಿನ ಅಮ್ಮನಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ಸೊಸೆ ಆ ಕ್ಷಣವೇ ನಿಶ್ಚಯಿಸಿದಳು.

"ಹಸಿರಾ? ಎಲ್ಲಿ?" ಎನ್ನುತ್ತಾ ಮುಂದೆ ಹೋಗಿ, ಅತ್ತೆಯ ಸೆರಗನ್ನು ಸರಿಪಡಿಸುವವಳಂತೆ ಆ ಕೈಯ ಮೇಲೆ ಎಳೆದು ಮುಚ್ಚಿದಳು.