ಅನ್ಸೆಲ್ಮೊ ಪಟ್ಟೆ ಬಾಸ್ ಹಿಡಿದ ಜಾಗ

ಸಾಯುವ ಮುಂಚೆ ಅನ್ಸೆಲ್ಮೊ ಮಗಳಿಗೆ ಹೇಳಿದ್ದು ಒಂದೇ ಮಾತು: "ಐವತ್ತೆರಡು ಪೌಂಡಿನ ಪಟ್ಟೆ ಬಾಸ್ ಮೀನು ಹಿಡಿದೆನಲ್ಲ, ನನ್ನ ಬೂದೀನೂ ಅಲ್ಲೇ ಬಿಡು." ಎಲ್ಲಿ ಅಂತ ಮಾತ್ರ ಹೇಳಲಿಲ್ಲ ಪುಣ್ಯಾತ್ಮ!

ಅವರ ಕಡಲತೀರದ ಊರು ವೆಸ್ಟ್‌ಪೋರ್ಟ್‌ನಲ್ಲಿ ಮೀನಿನ ಜಾಗದ ವಿಷಯದಲ್ಲಿ ನಿಜ ಹೇಳುವವನು ಇನ್ನೂ ಹುಟ್ಟಿಲ್ಲ. ಅದರಲ್ಲೂ ಅನ್ಸೆಲ್ಮೊ ಎಲ್ಲರನ್ನೂ ಮೀರಿಸಿದವನು. ಒಂದು ದಡದಲ್ಲಿ ಮೀನು ಹಿಡಿದು, ಬೂಟಿಗೆ ಇನ್ನೊಂದು ದಡದ ಕೆಸರು ಬಳಿದುಕೊಂಡು ಬರುತ್ತಿದ್ದ. ಮಗಳು ಡೆಲ್ಫಿನಾ ಪುಟ್ಟವಳಿದ್ದಾಗ ಅವಳ ತಳ್ಳುಗಾಡಿಯಲ್ಲೇ, ಅವಳ ಕಾಲ ಬುಡಕ್ಕೆ ಮೀನು ಮಲಗಿಸಿ, ಇಬ್ಬರಿಗೂ ಸೇರಿಸಿ ಒಂದೇ ಕಂಬಳಿ ಹೊದಿಸಿ ಮನೆಗೆ ತರುತ್ತಿದ್ದ. ಆ ತಣ್ಣನೆಯ ಮೈ ಕಾಲಿಗೆ ತಾಗಿದ್ದು ಅವಳಿಗೆ ಇವತ್ತಿಗೂ ನೆನಪಿದೆ. ಎಂಥ ಸುಖದ ದಿನಗಳು ಅವು!

ಆ ದೊಡ್ಡ ಮೀನು ಹಿಡಿದ ಬಂಡೆ ಎಂದು ಅವನು ನಾಲ್ಕು ಜನಕ್ಕೆ ನಾಲ್ಕು ಬಂಡೆ ತೋರಿಸಿದ್ದ. ಈಗ ಡೆಲ್ಫಿನಾ ಬೂದಿ ತಗೊಂಡು ಎಲ್ಲಿಗೆ ಹೋಗುತ್ತಾಳೋ ಅಂತ ಊರಿಗೆ ಊರೇ ಕಣ್ಣಿಟ್ಟು ಕೂತಿತ್ತು. ತಪ್ಪು ಜಾಗದಲ್ಲಿ ಅಪ್ಪನನ್ನು ಬಿಟ್ಟುಬಿಟ್ಟರೆ ಏನು ಗತಿ ಎಂದು ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕೊನೆಗೆ, ನಲವತ್ತು ವರ್ಷ ಅಪ್ಪನ ಜೊತೆ ಗಾಳ ಹಾಕಿದ ಟ್ರಿಸ್ಟಾವೊ ಮುದುಕನ ಬಾಗಿಲು ತಟ್ಟಿದಳು.

"ಬಂಡೆ ಗಿಂಡೆ ಎಲ್ಲ ಬುರುಡೆ ಕಣಮ್ಮ," ಎಂದ ಮುದುಕ. "ಹಿಡಿದಿದ್ದು ಊರ ಸೇತುವೆ ಮೇಲೆ. ನಡು ಕಂಬದ ಬುಡದಲ್ಲಿ."

"ಸೇತುವೆ ಮೇಲಾ? ಅಲ್ಲಿ ದಿನಾ ಸಂತೆ ಥರ ಜನ ನಿಂತಿರ್ತಾರಲ್ಲ ಮಾಮ!"

"ನಿಂತಿರ್ತಾರೆ, ಚಿಳ್ಳೆಪಿಳ್ಳೆ ಮೀನಿಗೆ. ಉಬ್ಬರದ ನೀರು ಇಳಿಯೋಕೆ ಶುರುವಾದಾಗ ಆ ಕಂಬದ ಹತ್ರ ಗಾಳಕ್ಕೆ ಹಾವುಮೀನು ಸಿಕ್ಕಿಸಿ ಬಿಟ್ಟು ನೋಡಬೇಕು ಅಂತ ಒಬ್ಬ ಮಹರಾಯಂಗೂ ಹೊಳೆದಿಲ್ಲ. ನೀನು ಹೋಗಿ ಎಲ್ಲರೆದುರು ಬೂದಿ ಸುರಿದ್ಯೋ, ಗುಟ್ಟು ರಟ್ಟು. ನಾನಿನ್ನೂ ಬದುಕಿದೀನಿ, ಜ್ಞಾಪಕ ಇರಲಿ!"

ಮರುದಿನ ಸಂಜೆ ಡೆಲ್ಫಿನಾ ಬೂದಿಯನ್ನು ಬಕೆಟ್ಟಿಗೆ ಸುರಿದುಕೊಂಡು, ಮೇಲೊಂದು ಬಟ್ಟೆ ಮುಚ್ಚಿ ಸೇತುವೆಗೆ ಹೋದಳು. ನಡು ಕಂಬದ ಹತ್ತಿರ ಆರು ಜನ ಗಾಳ ಬಿಟ್ಟುಕೊಂಡು ನಿಂತಿದ್ದರು.

"ಏನಕ್ಕಾ, ಅಪ್ಪನ ಬೂದಿ ಇನ್ನೂ ಬಿಟ್ಟಿಲ್ವಾ?" ಎಂದ ಅವರಲ್ಲೊಬ್ಬ.

"ಬೆಳಗ್ಗೆನೇ ಬಿಟ್ಟು ಬಂದೆ ಕಣೋ."

"ಹೌದಾ! ಎಲ್ಲಿ?"

ಡೆಲ್ಫಿನಾ ಆಚೀಚೆ ನೋಡಿ ದನಿ ತಗ್ಗಿಸಿದಳು. "ಪೂರ್ವದ ದಡದಲ್ಲಿ, ಸೀಳುಬಂಡೆ ಹಿಂದೆ. ಯಾರಿಗೂ ಹೇಳ್ಬೇಡ ಮತ್ತೆ."

ಅವನು ಆಕಳಿಸಿದ. ಹೆಂಡತಿ ಕಾಯುತ್ತಿರುತ್ತಾಳೆ ಎಂದು ಗಾಳ ಸುತ್ತಿಕೊಂಡು ಹೊರಟ. ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ಹಲ್ಲುನೋವು ಬಂತು. ಕಾಲು ಗಂಟೆಯೊಳಗೆ ಆರೂ ಜನ ಪೂರ್ವದ ದಡದ ಕಡೆಗೆ ದೌಡಾಯಿಸಿದ್ದರು.

ಖಾಲಿ ಸೇತುವೆಯ ಮೇಲೆ ಅವಳೊಬ್ಬಳೇ ಉಳಿದಳು. ನೀರು ಇಳಿಯತೊಡಗಿದಾಗ ಬಕೆಟ್ ಬಗ್ಗಿಸಿದಳು. ಬೂದಿ ಕಂಬವನ್ನು ಒಂದು ಸುತ್ತು ಹಾಕಿ ಕಡಲ ಕಡೆ ಹೋಯಿತು. ಆ ಆರು ಜನರ ಮುಖ ನೆನೆದು ಅವಳಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಹೋದ ಕೂಡಲೇ ಅಪ್ಪನಿಗೆ ಹೇಳಬೇಕು, ಬಿದ್ದೂ ಬಿದ್ದೂ ನಗುತ್ತಾನೆ ಎಂದುಕೊಂಡು ಬಿರಬಿರನೆ ಹತ್ತು ಹೆಜ್ಜೆ ನಡೆದಳು. ಆಮೇಲೆ ಬಕೆಟ್ ಕೆಳಗಿಟ್ಟು, ಅಲ್ಲೇ ಕೂತು ಅತ್ತಳು.